ಬಾನುಲಿ ಕೇಳಿ ಹೊತ್ತು ತಿದ್ದಿಕೊಳ್ಳುವ ಗಡಿಯಾರ

ಪರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ತರುವ ಕಾಣಿಕೆಗಳಲ್ಲಿ ಈಚೆಗೆ ಒಂದು ಜಾತಿಯ ಕೈಗಡಿಯಾರ ಸೇರಿಕೊಂಡಿದೆ. ನೋಡಲು ಸಾಧಾರಣ ಡಿಜಿಟಲ್ ಗಡಿಯಾರವೇ. ಮುಳ್ಳಿಲ್ಲ, ಕೀಲಿ ಕೊಡಬೇಕಾಗಿಲ್ಲ. ಬೆಳಕು ಬಿದ್ದರೆ ಸಾಕು, ತನ್ನ ಊಟವನ್ನು ತಾನೇ ಮಾಡಿಕೊಳ್ಳುತ್ತದೆ. ಇದರ ಜೊತೆಗೆ ಅದಕ್ಕೊಂದು ದೊಡ್ಡ ಗುಣವುಂಟೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಅದು ಬಾನುಲಿ ಕೇಳುತ್ತದಂತೆ. ಎಲ್ಲೋ ದೂರದ ಅಣು ಗಡಿಯಾರದ ಹೊತ್ತಿಗೆ ತನ್ನ ಹೊತ್ತನ್ನು ತಾನೇ ತಿದ್ದಿಕೊಳ್ಳುತ್ತದಂತೆ. "ಅಪ್ಪಾ, ಇನ್ನು ನಿಮಗೆ ಗಡಿಯಾರ ಸರಿಮಾಡುವ ಗೋಜೇ ಇಲ್ಲ" ಎಂದು ಹೇಳಿ ಮಗ ವಿಮಾನ ಹತ್ತುತ್ತಾನೆ.

ಮಗ ಹೋದ ಎರಡು ಮೂರು ತಿಂಗಳಿಗೆ ತಾಪತ್ರಯ ಶುರುವಾಗುತ್ತದೆ. ಅಣು ಗಡಿಯಾರದ ಹೆಸರು ಹೊತ್ತು ಬಂದದ್ದು ಅರ್ಧ ನಿಮಿಷ ಮುಂದೆ ಓಡುತ್ತಿರುತ್ತದೆ. ನಮ್ಮ ಸಂಘದ ಹಿರಿಯರೊಬ್ಬರು ಇಂಥದೊಂದು ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮುಂಬಯಿಯ ಮೂರು ಅಂಗಡಿ ಹತ್ತಿ ಇಳಿದರು. ಒಬ್ಬನು ಬ್ಯಾಟರಿ ಹೋಗಿದೆಯೆಂದ. ಇನ್ನೊಬ್ಬನು ಒಳಗಿನ ಸರ್ಕಿಟ್ಟನ್ನೇ ಬದಲಾಯಿಸಬೇಕೆಂದ. ಮೂರನೆಯವನು ತಲೆಯಾಡಿಸಿ, ಇದು ನಕಲಿ ಮಾಲು ಎಂದುಬಿಟ್ಟ. ಆ ಮೂರನೆಯ ಮಾತು ಅವರಿಗೆ ನಾಟಿತು. ಮಗನಿಗೆ ಅಲ್ಲಿ ಯಾರೋ ಟೋಪಿ ಹಾಕಿದರೆಂಬುದು ಒಂದು ಚಿಂತೆ. ಮಗನೇ ಅಗ್ಗದ್ದನ್ನು ನೋಡಿ ತಂದನೋ ಎಂಬುದು ಇನ್ನೊಂದು. ಎರಡನೆಯದನ್ನು ಅವರು ಬಾಯಿಬಿಟ್ಟು ಆಡಲಿಲ್ಲ. "ನೋಡಪ್ಪಾ, ನೀನು ಬಿ.ಎ. ಓದಿದವನು, ಇದೇನೆಂದು ಸ್ವಲ್ಪ ನೋಡು. ಅವನಿಗೆ ಮಾತ್ರ ಫೋನ್ ಮಾಡಿ ಕೇಳಬೇಡ" ಎಂದರು.

ನಮ್ಮ ಬಿ.ಎ. ಇತಿಹಾಸದ್ದು. ಅದರಲ್ಲಿ ನಿಸ್ತಂತು ವಿದ್ಯೆ ಬರುವುದಿಲ್ಲ. ಆದರೆ ಸರಕಾರಿ ಕಚೇರಿಯಲ್ಲಿ ಸುತ್ತೋಲೆಗಳನ್ನು ಓದಿ ಓದಿ ಸಣ್ಣಕ್ಷರಗಳಿಗೆ ಹೆದರದಷ್ಟು ಧೈರ್ಯವಂತೂ ನಮಗೆ ಬಂದಿದೆ. ಗಡಿಯಾರದ ಕೈಪಿಡಿಯೂ ಒಂದು ಸುತ್ತೋಲೆಯೇ ಅಲ್ಲವೆ? ಇದೇ ಪ್ರಶ್ನೆಯನ್ನು ಪುಣೆಯಿಂದಲೂ ಹೈದರಾಬಾದಿನಿಂದಲೂ ಓದುಗರು ಕೇಳಿದ್ದಾರೆ. ಆದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಗಡಿಯಾರ ಕೆಟ್ಟಿಲ್ಲ. ನಕಲಿಯೆಂದು ಹೇಳಲು ಕಾರಣವೂ ಇಲ್ಲ. ಅದಕ್ಕೆ ಕಿವಿಯುಂಟು, ಅದಕ್ಕೆ ತಿಳಿಯುವ ಭಾಷೆಯಲ್ಲಿ ಹೊತ್ತು ಹೇಳುವವರು ನಮ್ಮ ದೇಶದಲ್ಲಿಲ್ಲ.

ಈ ಮಾತನ್ನು ತುಸು ಬಿಡಿಸೋಣ. ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಕುಂಯ್ ಕುಂಯ್ ಎಂದು ಸದ್ದು ಬರುವುದನ್ನೂ, ಕೊನೆಯ ಸದ್ದಿಗೆ ಸರಿಯಾಗಿ ನಮ್ಮ ತಂದೆಯವರ ಪೀಳಿಗೆ ಗಡಿಯಾರದ ಕೀಲಿಯನ್ನು ಒಳಕ್ಕೊತ್ತುತ್ತಿದ್ದುದನ್ನೂ ಅನೇಕರು ಬಲ್ಲರು. ಈ ಹೊಸ ಗಡಿಯಾರ ಮಾಡುವುದೂ ಅದನ್ನೇ, ಮನುಷ್ಯನ ಕಿವಿಯ ನೆರವಿಲ್ಲದೆ. ಅದಕ್ಕಾಗಿ ಕೆಲವು ದೇಶಗಳು ಬೇರೆಯೇ ಪ್ರಸಾರ ನಿಲಯಗಳನ್ನು ಇಟ್ಟಿವೆ. ಅವುಗಳಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಹಗಲಿರುಳೂ ಹೊತ್ತು ಹೇಳುವುದೊಂದೇ ಕೆಲಸ.

ಜರ್ಮನಿಯ ನಿಲಯ ಫ್ರಾಂಕ್‌ಫರ್ಟಿನ ಹತ್ತಿರ ಮೈನ್‌ಫ್ಲಿಂಗೆನ್ ಎಂಬಲ್ಲಿದೆ. ಅದರ ಪ್ರಸಾರ 1959ರಲ್ಲಿ ಮೊದಲಾಯಿತು. 1973ರಿಂದ ಗಂಟೆ, ನಿಮಿಷ, ತಾರೀಖುಗಳನ್ನೂ ಸಂಕೇತದಲ್ಲಿ ಹೇಳುತ್ತಿದೆ. ಅದರ ಅಲೆಯ ಲೆಕ್ಕ 77.5 ಕಿಲೋಹರ್ಟ್ಸ್. ಇಂಗ್ಲೆಂಡಿನದು 60 ಕಿಲೋಹರ್ಟ್ಸ್. 2007ರ ತನಕ ರಗ್ಬಿಯಲ್ಲಿದ್ದುದು ಆ ವರ್ಷ ಉತ್ತರದ ಆಂಥಾರ್ನಿಗೆ ಹೋಯಿತು. ಅಮೆರಿಕದ ನಿಲಯ ಕೊಲರಾಡೋ ಸಂಸ್ಥಾನದ ಫೋರ್ಟ್ ಕಾಲಿನ್ಸ್ ಬಳಿ 1963ರಿಂದ ಇದೆ, ಅದೂ 60. ಚೀನದ್ದು ಹೆನಾನ್ ಪ್ರಾಂತದ ಶಾಂಗ್‌ಚ್ಯೂ ಎಂಬಲ್ಲಿ, 68.5. ಜಪಾನಿನಲ್ಲಿ ಎರಡುಂಟು: ಫುಕುಶಿಮಾ ಪ್ರಾಂತದ ಒತಾಕಾದೋಯಾ ಬೆಟ್ಟದ ಮೇಲೆ 40ರದು, ಕ್ಯೂಶೂ ದ್ವೀಪದ ಹಗಾನೆ ಬೆಟ್ಟದ ಮೇಲೆ 60ರದು. ನಮಗೆ ಪರಿಚಯವಿರುವ ಆಕಾಶವಾಣಿಯ ಮಧ್ಯಮ ತರಂಗಗಳು ಇವಕ್ಕಿಂತ ಎಷ್ಟೋ ಮೇಲಿನವು. 60 ಕಿಲೋಹರ್ಟ್ಸಿನ ಒಂದೊಂದು ಅಲೆಯೂ 5 ಕಿಲೋಮೀಟರು ಉದ್ದ! ಅಂಥ ಅಲೆಯನ್ನು ಹಿಡಿಯುವ ಕಿವಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯೊಳಗೆ ಅಡಗಿದೆಯೆಂದರೆ ಸೋಜಿಗವಲ್ಲವೆ? 1990ರಲ್ಲಿ ಜರ್ಮನಿಯ ಯುಂಗ್‌ಹನ್ಸ್ ಕಂಪನಿ ಇಂಥ ಮೊದಲ ಕೈಗಡಿಯಾರವನ್ನು ಹೊರತಂದಾಗ ಕಿವಿಗೆ ಒಳಗೆ ಜಾಗವಿಲ್ಲದೆ ಅದನ್ನು ಪಟ್ಟಿಯಲ್ಲಿ ಅಡಗಿಸಿದ್ದರು.

ಹೊತ್ತನ್ನು ಹೇಳುವ ರೀತಿ ಬಹಳ ಸರಳ. ಕಂದೀಲಿನ ಬತ್ತಿಯನ್ನು ತಗ್ಗಿಸಿ ಏರಿಸಿ ಎದುರು ದಡದವನಿಗೆ ಸನ್ನೆ ಮಾಡಿದ ಹಾಗೆ. ಜರ್ಮನಿಯ ನಿಲಯ ಪ್ರತಿ ಸೆಕೆಂಡಿನ ಮೊದಲಲ್ಲಿ ತನ್ನ ಪ್ರಸಾರದ ಬಲವನ್ನು ತಗ್ಗಿಸುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಸೊನ್ನೆ. ಹತ್ತರಲ್ಲೆರಡು ಪಾಲು ತಗ್ಗಿಸಿದರೆ ಒಂದು. ಹೀಗೆ ಸೊನ್ನೆ ಒಂದುಗಳಲ್ಲೇ ಮುಂಬರುವ ನಿಮಿಷ, ಗಂಟೆ, ತಾರೀಖು, ವಾರ, ವರ್ಷ ಎಲ್ಲವನ್ನೂ ಒಂದು ನಿಮಿಷದೊಳಗೆ ಹೇಳಿ ಮುಗಿಸುತ್ತದೆ. 59ನೆಯ ಸೆಕೆಂಡಿನಲ್ಲಿ ಮಾತ್ರ ತಗ್ಗಿಸುವುದೇ ಇಲ್ಲ. ಸನ್ನೆ ತಪ್ಪಿದ ಆ ಜಾಗವೇ ಹೊಸ ನಿಮಿಷ ಹುಟ್ಟುತ್ತಿದೆಯೆಂಬುದರ ಗುರುತು. ಗಡಿಯಾರ ಒಂದು ನಿಮಿಷದ ಮಾತನ್ನು ಕೇಳಿ ನಂಬುವುದಿಲ್ಲ. ಇನ್ನೂ ಒಂದೆರಡು ನಿಮಿಷ ಕೇಳಿ, ಹೋಲಿಸಿ, ಒಪ್ಪಿಗೆಯಾದರೆ ಮಾತ್ರ ತನ್ನ ಅಂಕಿಯನ್ನು ತಿದ್ದುತ್ತದೆ. ಎಲ್ಲ ಸರಿಯಿದ್ದರೆ ಎರಡರಿಂದ ಏಳು ನಿಮಿಷದ ಕೆಲಸ, ಕೆಲವೊಮ್ಮೆ ಕಾಲು ಗಂಟೆಯೂ ಹಿಡಿಯುತ್ತದೆ. ಟಿಪ್ಪಣಿಯನ್ನು ಎರಡು ಸಲ ತಾಳೆ ನೋಡದೆ ಸಹಿ ಹಾಕದ ಸೆಕ್ಷನ್ ಆಫೀಸರರ ಸ್ವಭಾವ.

ಇನ್ನು ಸಂಕೇತ ಚೆನ್ನಾಗಿ ಹಿಡಿಯುವಂತೆ ಮಾಡುವುದು ಹೇಗೆ ಎಂಬ ಮಾತು. ಮಕ್ಕಳ ಮನೆಗೆಂದು ಫ್ರಾಂಕ್‌ಫರ್ಟಿಗೋ, ಲಂಡನ್ನಿಗೋ, ಟೋಕಿಯೋಗೋ, ಅಮೆರಿಕಕ್ಕೋ ಆರು ತಿಂಗಳು ಹೋಗುವ ತಂದೆತಾಯಿಗಳು ನಮ್ಮಲ್ಲಿ ಈಗ ಕಡಮೆಯಿಲ್ಲ. ಅವರಿಗೆ ಇದು ಬೇಕಾಗುತ್ತದೆ.

ಹಳಬರಿಗೆ ಒಂದು ನೆನಪು ಮಾಡಿಕೊಟ್ಟರೆ ಅರ್ಧ ಕೆಲಸವಾದಂತೆ. ಮುಂಬಯಿ, ಪುಣೆಗಳಲ್ಲಿ ಕೂತು ರಾತ್ರಿಯ ಹೊತ್ತು ಟ್ರಾನ್ಸಿಸ್ಟರಿನಲ್ಲಿ ಧಾರವಾಡವನ್ನೋ ಬೆಂಗಳೂರನ್ನೋ ಹಿಡಿಯಲು ಹಿರಿಯರು ಪಡುತ್ತಿದ್ದ ಪಾಡನ್ನು ನೆನೆಯಿರಿ. ಹಗಲು ಗೊರಗೊರ ಎನ್ನುತ್ತಿದ್ದುದು ಕತ್ತಲಾದ ಮೇಲೆ ತಿಳಿಯಾಗುತ್ತಿತ್ತು. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಒಯ್ದರೆ ದನಿ ಏರುತ್ತಿತ್ತು. ಅತ್ತ ಇತ್ತ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಗಟ್ಟಿಯಾಗಿ, ಇನ್ನೊಂದರಲ್ಲಿ ಇಲ್ಲವಾಗುತ್ತಿತ್ತು. ಪಕ್ಕದ ಮನೆಯಲ್ಲಿ ಮಿಕ್ಸರು ಹಾಕಿದರೆ ಭಾವಗೀತೆ ಮುಳುಗಿಹೋಗುತ್ತಿತ್ತು. ಈ ಗಡಿಯಾರದ್ದೂ ಅದೇ ಕಥೆ. ಅದರೊಳಗೂ ಟ್ರಾನ್ಸಿಸ್ಟರಿನಲ್ಲಿದ್ದಂಥದೇ ಒಂದು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ.

ರಾತ್ರಿ ಯಾಕೆ ತಿಳಿಯಾಗುತ್ತದೆಂದರೆ, ಹಗಲು ಬಿಸಿಲಿನ ಪ್ರಭಾವದಿಂದ ಆಕಾಶದಲ್ಲಿ 60-90 ಕಿಲೋಮೀಟರಿನ ಎತ್ತರದಲ್ಲಿ ಅಲೆಗಳನ್ನು ಹೀರುವ ಒಂದು ಪದರ ಏರ್ಪಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿ, ಅಲೆಗಳು ಮೇಲಿನ ಪದರಕ್ಕೆ ತಾಗಿ ದೂರ ದೂರಕ್ಕೆ ಬಾಗಿ ಬರುತ್ತವೆ. ಅದಕ್ಕೇ ಕ್ಯಾಸಿಯೋ ಮೊದಲಾದವರು ಮಾಡುವ ಗಡಿಯಾರಗಳು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಗಂಟೆಗೊಮ್ಮೆ ಪ್ರಯತ್ನ ಮಾಡುತ್ತವೆ. ಒಮ್ಮೆ ಸಿಕ್ಕಿತೆಂದರೆ ಆ ದಿನದ ಪಾಲಿಗೆ ಬಿಡುವು.

ಮಲಗುವಾಗ ಗಡಿಯಾರವನ್ನು ಕೈಯಿಂದ ಬಿಚ್ಚಿ ಕಿಟಕಿಯ ಪಡಿಯ ಮೇಲಿಡಿ. ಹನ್ನೆರಡು ಗಂಟೆಯ ಪಕ್ಕ ಹೊರಕ್ಕೆ ಮುಖ ಮಾಡಿರಲಿ. ಆ ಕಡ್ಡಿ ಬಹುತೇಕ ಗಡಿಯಾರಗಳಲ್ಲಿ ಹನ್ನೆರಡರ ಕಡೆಗೆ ಅಡ್ಡಲಾಗಿ ಮಲಗಿರುತ್ತದೆ, ಅದರ ಮಗ್ಗುಲು ನಿಲಯದ ದಿಕ್ಕಿಗೆ ತಿರುಗಿದ್ದರೆ ಹೆಚ್ಚು ಹಿಡಿಯುತ್ತದೆ, ತುದಿ ತಿರುಗಿದ್ದರೆ ಏನೂ ಹಿಡಿಯದು. ನಿಲಯ ಯಾವ ದಿಕ್ಕಿಗಿದೆಯೆಂದು ಭೂಪಟದಲ್ಲಿ ಒಮ್ಮೆ ನೋಡಿಕೊಂಡು ಆ ಮಗ್ಗುಲಿನ ಕಿಟಕಿಯನ್ನೇ ಆರಿಸಿದರೆ ಇನ್ನೂ ಲೇಸು. ಇಟ್ಟ ಮೇಲೆ ಅಲುಗಿಸಬಾರದು. "ಬಂತೋ ಇಲ್ಲವೋ" ಎಂದು ಹತ್ತು ಸಲ ಎದ್ದು ಎತ್ತಿ ನೋಡುವವರಿಗೆ ಅದು ಎಂದೂ ಬರುವುದಿಲ್ಲ. ಅಕ್ಕಿ ಬೇಯುವಾಗ ಮುಚ್ಚಳ ತೆಗೆದು ತೆಗೆದು ನೋಡಿದ ಹಾಗೆ.

ಹತ್ತಿರ ಏನಿರಬಾರದೆಂಬುದು ಏನಿರಬೇಕೆಂಬುದಕ್ಕಿಂತ ಮುಖ್ಯ. ಟೆಲಿವಿಷನ್, ಕಂಪ್ಯೂಟರು, ಫ್ರಿಜ್ಜು ಇವುಗಳಿಂದ ನಾಲ್ಕಾರು ಮಾರು ದೂರವಿರಲಿ. ಎಲ್ಲಕ್ಕಿಂತ ಕೆಟ್ಟದ್ದು ಮೊಬೈಲಿನ ಚಾರ್ಜರು, ಅಗ್ಗದ ಎಲ್‌ಇಡಿ ದೀಪ. ಇವುಗಳೊಳಗಿನ ವಿದ್ಯುತ್ತು ಇದೇ ಕಿಲೋಹರ್ಟ್ಸುಗಳ ಆಸುಪಾಸಿನಲ್ಲಿ ಗಲಾಟೆ ಮಾಡುತ್ತಿರುತ್ತದೆ. ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ಅದರ ಪಕ್ಕದಲ್ಲೇ ಗಡಿಯಾರವನ್ನು ಬಿಚ್ಚಿಡುವುದು ಎಲ್ಲರ ಅಭ್ಯಾಸ, ಅಲ್ಲೇ ಕೆಲಸ ಕೆಡುವುದು. ಕಬ್ಬಿಣದ ಕಪಾಟಿನೊಳಗೆ, ಸ್ಟೀಲ್ ಡಬ್ಬಿಯೊಳಗೆ ಜೋಪಾನ ಮಾಡಿದರಂತೂ ಮುಗಿಯಿತು. ಕಬ್ಬಿಣ ಕಾಂಕ್ರೀಟಿನ ಕಟ್ಟಡದ ನಡುಕೋಣೆ, ನೆಲಮಾಳಿಗೆ, ಓಡುವ ರೈಲು, ಬೆಟ್ಟದ ಮರೆ, ದೊಡ್ಡ ವಿದ್ಯುತ್ ತಂತಿಯ ಕೆಳಗೆ, ಇಲ್ಲೆಲ್ಲ ಆಸೆ ಬಿಡಬೇಕು. ಬಿಸಿಲು ಕಾಣದೆ ಗಡಿಯಾರದ ಹೊಟ್ಟೆ ಹಸಿದಿದ್ದರೂ ಅದು ಕೇಳುವ ಗೋಜಿಗೆ ಹೋಗುವುದಿಲ್ಲ. ಪೂರ್ತಿ ತೋಳಿನ ಅಂಗಿಯೊಳಗೆ ಚಳಿಗಾಲವೆಲ್ಲ ಹುದುಗಿಸಿದವರು ಇದನ್ನು ಗಮನಿಸಬೇಕು.

ಕೈಯಿಂದ ಗುಂಡಿ ಒತ್ತಿಯೂ ಕೇಳಿಸಬಹುದು. ಆಗ ಪರದೆಯ ಮೇಲೆ ಎಲ್ 1, ಎಲ್ 2, ಎಲ್ 3 ಎಂದು ಬಲ ತೋರಿಸುವ ಗಡಿಯಾರಗಳುಂಟು. ಮೂರಿದ್ದರೆ ಉತ್ತಮ, ಒಂದರಲ್ಲೇ ನಿಂತಿದ್ದರೆ ಜಾಗ ಬದಲಾಯಿಸಿ. ಕೊನೆಯ ಸಲ ಯಾವಾಗ ಸಂಕೇತ ಸಿಕ್ಕಿತೆಂಬ ತಾರೀಖನ್ನೂ ಅದು ಬರೆದಿಟ್ಟುಕೊಂಡಿರುತ್ತದೆ. ಗಡಿಯಾರವನ್ನು ನಂಬುವ ಮೊದಲು ನೋಡಬೇಕಾದದ್ದು ಈ ತಾರೀಖನ್ನು. ಪೆಟ್ಟಿಗೆಯ ಮೇಲಿನ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಇನ್ನೊಂದು ಮುಖ್ಯ ಸಂಗತಿ, ಊರನ್ನು ಸರಿಯಾಗಿ ಹೇಳಿರಬೇಕು. ಗಡಿಯಾರಕ್ಕೆ ತಾನಿರುವ ಊರು ತಾನಾಗಿ ತಿಳಿಯದು. ಬರ್ಲಿನ್ ಎಂದು ಇಟ್ಟರೆ ಜರ್ಮನಿಯ ಇಂಗ್ಲೆಂಡಿನ ನಿಲಯಗಳನ್ನು ಹುಡುಕುತ್ತದೆ, ಟೋಕಿಯೋ ಎಂದರೆ ಜಪಾನಿನವನ್ನು. ದೆಹಲಿ ಎಂದು ಇಟ್ಟರೆ ಸಾಮಾನ್ಯವಾಗಿ ಹುಡುಕುವುದೇ ಇಲ್ಲ. ಇಲ್ಲಿ ಯಾರೂ ಹೇಳುವವರಿಲ್ಲವೆಂದು ಅದಕ್ಕೆ ಮೊದಲೇ ಕಲಿಸಿರುತ್ತಾರೆ. ಊರನ್ನು ಬರ್ಲಿನ್ ಆಗಿಯೇ ಬಿಟ್ಟು ಅಂಕಿಯನ್ನು ಮಾತ್ರ ನಮ್ಮ ಹೊತ್ತಿಗೆ ತಿರುಗಿಸಿಕೊಂಡವರುಂಟು. ಅವರು ಅದೇ ಗಡಿಯಾರ ಕಟ್ಟಿಕೊಂಡು ಜರ್ಮನಿಗೆ ಹೋದ ಮೊದಲ ರಾತ್ರಿಯೇ ಅದು ಸಂಕೇತ ಹಿಡಿದು, ಬೆಳಗಾಗುವಷ್ಟರಲ್ಲಿ ಮೂರೂವರೆ ಇಲ್ಲವೆ ನಾಲ್ಕೂವರೆ ಗಂಟೆ ಹಿಂದಕ್ಕೆ ಜಿಗಿದಿರುತ್ತದೆ. ಹೆದರಬೇಕಾಗಿಲ್ಲ, ಅದೇ ಅಲ್ಲಿನ ಸರಿಯಾದ ಹೊತ್ತು.

ಕೈಪಿಡಿಗಳ ಲೆಕ್ಕದಂತೆ ಅಮೆರಿಕದ ನಿಲಯ 3,000 ಕಿಲೋಮೀಟರಿನಷ್ಟು ದೂರಕ್ಕೂ, ಯುರೋಪಿನವೂ ಚೀನದ್ದೂ 1,500ಕ್ಕೂ, ಜಪಾನಿನವು 1,000ಕ್ಕೂ ಕೇಳುತ್ತವೆ. ಈಗ ಮುಂಬಯಿಯಿಂದ ಅಳೆಯಿರಿ. ಮೈನ್‌ಫ್ಲಿಂಗೆನ್ 6,000 ಕಿಲೋಮೀಟರಿಗೂ ಮಿಕ್ಕಿದೆ. ಹತ್ತಿರದ್ದೆಂದರೆ ಚೀನದ್ದು, ಅದೂ ಮುಂಬಯಿಗೆ 4,500ರ ಸುಮಾರು, ದೆಹಲಿಗೆ 3,500ಕ್ಕೂ ಮೇಲೆ, ನಡುವೆ ಹಿಮಾಲಯ. ಅಂಗಡಿಯವನು ಸರ್ಕಿಟ್ ಬದಲಾಯಿಸಿದ ಮಾತ್ರಕ್ಕೆ ಈ ದೂರ ಕಡಮೆಯಾಗದು.

ನಿಲಯವೇ ಸುಮ್ಮನಾದರೆ ಏನಾಗುತ್ತದೆಂಬುದನ್ನು ಜಪಾನಿನವರು ಒಮ್ಮೆ ಕಂಡಿದ್ದಾರೆ. 2011ರ ಮಾರ್ಚ್ 11ರಂದು ಅಲ್ಲಿ ಮಹಾ ಭೂಕಂಪವಾಗಿ ಸಮುದ್ರ ಉಕ್ಕಿ ಫುಕುಶಿಮಾದ ಅಣುಸ್ಥಾವರ ಕೆಟ್ಟಿತು. ಒತಾಕಾದೋಯಾ ಬೆಟ್ಟದ ನಿಲಯ ಆ ಸ್ಥಾವರದಿಂದ 20 ಕಿಲೋಮೀಟರಿನೊಳಗಿತ್ತು. ಜನರೆಲ್ಲ ಜಾಗ ಬಿಡಬೇಕೆಂಬ ಆಜ್ಞೆಯಾದಾಗ ನಿಲಯದ ಸಿಬ್ಬಂದಿಯೂ 12ರಂದು ಪ್ರಸಾರ ನಿಲ್ಲಿಸಿ ಹೊರಡಬೇಕಾಯಿತು. ಏಪ್ರಿಲ್ 21ರ ತನಕ, ಅಂದರೆ ನಲವತ್ತು ದಿನ, 40 ಕಿಲೋಹರ್ಟ್ಸಿನ ಅಲೆ ಮೌನವಾಗಿತ್ತು. ಆ ನಾಡಿನ ಎಷ್ಟೋ ಮನೆಗಳ ಗೋಡೆ ಗಡಿಯಾರಗಳೂ ಇದೇ ಜಾತಿಯವು. ಅವು ನಿಂತುಹೋಗಲಿಲ್ಲ, ಕ್ಯೂಶೂವಿನ ಅಲೆ ಸಿಕ್ಕವು ಅದನ್ನು ಹಿಡಿದವು, ಸಿಗದವು ತಮ್ಮ ಒಳಗಿನ ಕಲ್ಲಿನ ನಡಿಗೆಯಲ್ಲಿ ನಡೆದವು. ನಮ್ಮ ಹಿರಿಯರ ಗಡಿಯಾರ ಮುಂಬಯಿಯಲ್ಲಿ ಮಾಡುತ್ತಿರುವುದೂ ಅಷ್ಟೆ.

ಒಳಗಿನ ಕಲ್ಲೆಂದರೆ ಸ್ಫಟಿಕ, ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಚೂರು. ಇದರ ನಡಿಗೆಯಲ್ಲಿ ತಿಂಗಳಿಗೆ 15 ಸೆಕೆಂಡಿನವರೆಗೆ ಹೆಚ್ಚು ಕಡಮೆಯಾಗಬಹುದೆಂದು ಮಾಡಿದವರೇ ಹೇಳುತ್ತಾರೆ. ಎರಡು ತಿಂಗಳಿಗೆ ಅರ್ಧ ನಿಮಿಷ. ಹಿರಿಯರ ದೂರಿಗೆ ಲೆಕ್ಕ ಸರಿಹೋಯಿತು. ಸೀಸಿಯಂ ಎಂಬ ಲೋಹದ ಅಣುವಾದರೋ ಸೆಕೆಂಡಿಗೆ 919 ಕೋಟಿಗೂ ಮಿಕ್ಕಿ ಕಂಪಿಸುತ್ತದೆ. 1967ರಿಂದ ಸೆಕೆಂಡೆಂಬುದರ ಅರ್ಥವನ್ನೇ ಆ ಲೆಕ್ಕದ ಮೇಲೆ ಗೊತ್ತುಮಾಡಿದ್ದಾರೆ.

ಹಾಗಾದರೆ ನಮ್ಮ ದೇಶದಲ್ಲಿ ಸೀಸಿಯಂ ಗಡಿಯಾರವಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದೆ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೇ ಭಾರತೀಯ ಕಾಲಮಾನದ ಒಡೆಯ. ಹಿಂದೆ ಅಲ್ಲಿಂದ ಏಟಿಎ ಎಂಬ ಕರೆಹೆಸರಿನಲ್ಲಿ ಕಿರುತರಂಗದ ಮೇಲೆ ಹೊತ್ತಿನ ಸಂಕೇತ ಬರುತ್ತಿತ್ತು. ಆದರೆ ಕಿರುತರಂಗ ಈ ಕೈಗಡಿಯಾರಗಳಿಗೆ ಕೇಳುವಂಥದಲ್ಲ. 2025ರ ಜನವರಿಯಲ್ಲಿ ಕೇಂದ್ರ ಸರಕಾರ ದೇಶದ ವ್ಯವಹಾರವೆಲ್ಲ ಒಂದೇ ಭಾರತೀಯ ಕಾಲಮಾನದಂತೆ ನಡೆಯಬೇಕೆಂಬ ಕರಡು ನಿಯಮಗಳನ್ನು ಪ್ರಕಟಿಸಿತು. ಅಹಮದಾಬಾದು, ಬೆಂಗಳೂರು, ಭುವನೇಶ್ವರ, ಫರೀದಾಬಾದು, ಗುವಾಹಟಿ ಈ ಐದು ಕಡೆಯ ಪ್ರಯೋಗಾಲಯಗಳಿಂದ ಹೊತ್ತನ್ನು ಹಂಚುವ ಯೋಜನೆಯೂ ಇದೆ. ಅದು ಕಂಪ್ಯೂಟರುಗಳ ಜಾಲಕ್ಕೆ, ಮಣಿಕಟ್ಟಿಗಲ್ಲ.

ಇಲ್ಲಿ ನಮ್ಮ ಇತಿಹಾಸದ ಬಿ.ಎ. ತುಸು ಕೆಲಸಕ್ಕೆ ಬರುತ್ತದೆ. ಒಂದು ದೇಶಕ್ಕೆ ಒಂದು ಹೊತ್ತು ಎಂಬುದು ಮುಂಬಯಿಗರು ಸುಲಭಕ್ಕೆ ಒಪ್ಪಿದ ಮಾತಲ್ಲ. 1906ರಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂದ ಮೇಲೂ ಈ ಊರು ತನ್ನ ಮುಂಬಯಿ ಹೊತ್ತನ್ನು, ಅಂದರೆ 39 ನಿಮಿಷ ಹಿಂದಿನದನ್ನು, 1955ರ ತನಕ ಬಿಡಲಿಲ್ಲ. ಅದಕ್ಕೂ ಮೊದಲು ರೈಲುಗಳೆಲ್ಲ ಓಡುತ್ತಿದ್ದುದು ಮದರಾಸಿನ ಖಗೋಲ ವೀಕ್ಷಣಾಲಯದ ಹೊತ್ತಿನ ಮೇಲೆ. ಅದು ಈಗಿನ ಹೊತ್ತಿಗಿಂತ ಸುಮಾರು 9 ನಿಮಿಷ ಹಿಂದು. ಊರಿನ ಹೊತ್ತು ಬೇರೆ, ರೈಲಿನ ಹೊತ್ತು ಬೇರೆ! ಆ ಕಾಲದಲ್ಲಿ ಊರಿಂದ ಬರುವ ನೆಂಟರನ್ನು ಸ್ಟೇಷನ್ನಿನಲ್ಲಿ ಎದುರುಗೊಳ್ಳಲು ಹೊರಟವರ ಫಜೀತಿಯನ್ನು ವಾಚಕರೇ ಊಹಿಸಿಕೊಳ್ಳಲಿ.

ನಿಲಯವಿಲ್ಲದ ನಾಡಿನಲ್ಲಿ ಈ ಗಡಿಯಾರಕ್ಕೆ ಹೊತ್ತು ಕೇಳಿಸಲು ಹುಡುಗರು ಒಂದು ಉಪಾಯ ಕಂಡುಕೊಂಡಿದ್ದಾರೆ, ಅದು ನಮಗೆ ಬಲು ಹಿಡಿಸಿತು. ತಂಬೂರಿಯ ಒಂದು ತಂತಿ ಮೀಟಿದರೆ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಮೇಲಿನ ಸ್ವರಗಳೂ ಏಳುತ್ತವಷ್ಟೆ? ಮೊಬೈಲ್ ಫೋನು 40 ಕಿಲೋಹರ್ಟ್ಸಿನ ಅಲೆಯನ್ನು ನೇರವಾಗಿ ಹೊರಡಿಸಲಾರದು. ಆದರೆ ಅದರ ಮೂರರಲ್ಲೊಂದು ಪಾಲಿನ, ಅಂದರೆ 13.3 ಕಿಲೋಹರ್ಟ್ಸಿನ ಕೀರಲು ಸದ್ದನ್ನು ಹೊರಡಿಸಬಲ್ಲದು. ಅದರ ಮೂರನೆಯ ಪಟ್ಟು ಸರಿಯಾಗಿ ಜಪಾನಿನ ನಿಲಯದ ಅಲೆ. ಫೋನು ಅಂತರಜಾಲದಿಂದ ಹೊತ್ತು ತಿಳಿದುಕೊಂಡು, ಜಪಾನಿನ ನಿಲಯದ ವೇಷ ಹಾಕಿ, ಅದೇ ಸನ್ನೆಯಲ್ಲಿ ಕೂಗುತ್ತದೆ. ಇದಕ್ಕೆಂದೇ ಆ್ಯಪುಗಳಿವೆ. ಗಡಿಯಾರದ ಊರನ್ನು ಟೋಕಿಯೋ ಎಂದು ಬದಲಾಯಿಸಿ, ಫೋನಿನ ಸ್ಪೀಕರಿನ ಪಕ್ಕಕ್ಕೆ ಒತ್ತಿಟ್ಟು, ಇಲ್ಲವೆ ಇಯರ್‌ಫೋನಿನ ತಂತಿಯನ್ನು ಅದಕ್ಕೆ ನಾಲ್ಕು ಸುತ್ತು ಸುತ್ತಿ, ಸದ್ದನ್ನು ಪೂರ್ತಿ ಏರಿಸಿ, ಗಡಿಯಾರದ ಗುಂಡಿ ಒತ್ತಿ ಬಿಡಬೇಕು. ಸಿಕ್ಕಿದ ಮೇಲೆ ಊರನ್ನು ಮತ್ತೆ ದೆಹಲಿ ಮಾಡಿದರೆ ಗಂಟೆ ನಮ್ಮದಾಗುತ್ತದೆ, ಸೆಕೆಂಡು ಕದಲುವುದಿಲ್ಲ. ಆ ಇಯರ್‌ಫೋನನ್ನು ಆಗ ಕಿವಿಗೆ ಮಾತ್ರ ಹಾಕಿಕೊಳ್ಳಬೇಡಿ. ವಯಸ್ಸಾದವರಿಗೆ ಆ ಸದ್ದು ಕೇಳದಿದ್ದರೂ ಕಿವಿಗೆ ಪೆಟ್ಟು ಪೆಟ್ಟೇ.

ಹಿರಿಯರ ಗಡಿಯಾರಕ್ಕೆ ಇದನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾಡಿದೆವು. ಐದನೆಯ ನಿಮಿಷಕ್ಕೆ ಅಂಕಿ ಜಿಗಿಯಿತು. "ಹಾಗಾದರೆ ನಕಲಿ ಅಲ್ಲ!" ಎಂದು ಅವರು ಕೈಗೆ ಕಟ್ಟಿಕೊಂಡ ರೀತಿಯನ್ನು ನೋಡಿದ ಮೇಲೆ, ಅವರಿಗೆ ಬೇಕಾಗಿದ್ದುದು ಸೆಕೆಂಡಿನ ಲೆಕ್ಕವಲ್ಲವೆಂದು ನಮಗೆ ತಿಳಿಯಿತು.

ಇಷ್ಟೆಲ್ಲ ಯಾರಿಗೆ ಬೇಡವೋ ಅವರು ತಿಂಗಳಿಗೊಮ್ಮೆ ಫೋನಿನ ಹೊತ್ತು ನೋಡಿ ಕೈಯಿಂದ ತಿದ್ದಿಕೊಂಡರೆ ಸಾಕು. ಒಂದನೆಯ ತಾರೀಖು ಸಂಬಳದ ದಿನ, ನೆನಪಿಗೆ ಅನುಕೂಲ. ಸೆಕೆಂಡಿಗೆ ಬೆಲೆಯಿರುವುದು ನಮ್ಮಂಥವರ ಬಾಳಿನಲ್ಲಿ ದಸರೆಗೋ ದೀಪಾವಳಿಗೋ ಊರಿಗೆ ಹೊರಡುವ ಹಿಂದಿನ ದಿನ ತತ್ಕಾಲ್ ಟಿಕೇಟು ಹಿಡಿಯುವಾಗ. ಬೆಳಗಿನ 10ಕ್ಕೆ ಏಸಿ, 11ಕ್ಕೆ ಸ್ಲೀಪರ್. ಅಲ್ಲಿಯೂ ನಡೆಯುವುದು ರೈಲ್ವೆಯ ಕಂಪ್ಯೂಟರಿನ ಹೊತ್ತು, ನಮ್ಮದಲ್ಲ. ಇನ್ನು ನಮ್ಮ ಕಚೇರಿಯ ಗೋಡೆ ಗಡಿಯಾರ ಯಾವ ಅಣುವಿನ ಮಾತನ್ನೂ ಕೇಳದು. ಬೆಳಿಗ್ಗೆ ಎಂಟು ನಿಮಿಷ ಮುಂದೆ, ಸಂಜೆ ಅಷ್ಟೇ ಹಿಂದೆ. ಯಾರ ಹಿತಕ್ಕೆಂದು ಹೇಳಬೇಕಾಗಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಈ ಗಡಿಯಾರದಿಂದ ಇಲ್ಲಿರುವವರಿಗೆ ಹೆಚ್ಚಿನ ಉಪಯೋಗ ಬೇರೊಂದು ಗುಂಡಿಯಲ್ಲಿದೆ. ಅದನ್ನೊತ್ತಿದರೆ ಇನ್ನೊಂದು ಊರಿನ ಹೊತ್ತು ಕಾಣುತ್ತದೆ. ಅಲ್ಲಿ ಮಗನ ಊರನ್ನೋ ಮಗಳ ಊರನ್ನೋ ಇಟ್ಟುಕೊಂಡರೆ, ಈಗ ಅವರು ಎದ್ದಿದ್ದಾರೋ, ಮೊಮ್ಮಗು ಶಾಲೆಗೆ ಹೋಗಿದೆಯೋ ಎಂದು ಬೆರಳೆಣಿಸದೆ ತಿಳಿಯಬಹುದು. ಒಂದು ಎಚ್ಚರಿಕೆ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಅಮೆರಿಕದವರದು ಮಾರ್ಚ್ ಎರಡನೆಯ ಭಾನುವಾರ, ನವೆಂಬರ್ ಮೊದಲನೆಯ ಭಾನುವಾರ. ಅಲ್ಲಿ ಕೂತ ಗಡಿಯಾರ ಈ ಬದಲಾವಣೆಯನ್ನೂ ನಿಲಯದಿಂದಲೇ ಕೇಳಿ ತಿಳಿಯುತ್ತದೆ. ಇಲ್ಲಿರುವುದಕ್ಕೆ ಯಾರು ಹೇಳಬೇಕು? ಆ ನಾಲ್ಕು ಭಾನುವಾರಗಳನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬೇಸಿಗೆ ಹೊತ್ತಿನ ಗುಂಡಿಯನ್ನು ನೀವೇ ಒತ್ತಬೇಕು. ಮರೆತರೆ, ಅಲ್ಲಿ ಬೆಳಗಿನ ಆರೆಂದು ಕೊಂಡು ಐದಕ್ಕೇ ಕರೆ ಮಾಡಿ, ಏನಾಯಿತೋ ಎಂದು ಅವರು ಗಾಬರಿಯಿಂದ ಎದ್ದು ಕೂರುವ ಹಾಗಾಗುತ್ತದೆ.

ಕೊಲ್ಕತ್ತಾದ ಕಡೆಯ ಓದುಗರು ನಮ್ಮೆಲ್ಲರಿಗಿಂತ ಚೀನದ ನಿಲಯಕ್ಕೆ ಹತ್ತಿರದವರು. ಚಳಿಗಾಲದ ರಾತ್ರಿ, ಮಹಡಿಯ ಮೇಲೆ, ಗಡಿಯಾರದ ಊರನ್ನು ಹಾಂಗ್‌ಕಾಂಗ್ ಎಂದಿಟ್ಟು ಪ್ರಯತ್ನಿಸಿ, ಯಾರಿಗಾದರೂ ಸಂಕೇತ ಸಿಕ್ಕಿದ್ದಾದರೆ ತಾರೀಖು, ಹೊತ್ತು, ಗಡಿಯಾರದ ಹೆಸರು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.